ಬ್ಯುರೆಟ್ಟಿಗೆ ಮೂರು ಪಟ್ಟೆ ವಿಭೂತಿ

ಬ್ಯುರೆಟ್ಟಿಗೆ ವಿಭೂತಿ ಬಳಿದಿದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ಗುರುವಾರ, ನಮ್ಮ ಕಾಲೇಜಿನಲ್ಲೇ. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮದ ಬೊಟ್ಟು, ಕೊರಳಿಗೊಂದು ಸೇವಂತಿಗೆ ಹಾರ. ಅಳತೆಯ ಗೆರೆಗಳು ಹಾರದ ಹಿಂದೆ ಎಲ್ಲೋ ಇದ್ದವು. ಅವನ್ನು ನೋಡುವ ಅಗತ್ಯ ಅಲ್ಲಿದ್ದ ಯಾರಿಗೂ ಇರಲಿಲ್ಲ ಬಿಡಿ.

(ಮರೆತವರಿಗೆ ನೆನಪಿಸುತ್ತೇನೆ. ಬ್ಯುರೆಟ್ ಅಂದರೆ ಮೈತುಂಬ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆ, ಕೆಳಗೊಂದು ಪುಟ್ಟ ನಲ್ಲಿ. ಅದರಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಬಿಡಬೇಕು. ಆಮ್ಲದ ಆಟ ಮುಗಿದ ಹನಿಗೆ ಬಣ್ಣ ಬದಲಾಗುತ್ತದೆ. ಇದೇ ಟೈಟ್ರೇಶನ್. ಸೈನ್ಸ್ ಓದಿದ ಪ್ರತಿಯೊಬ್ಬರೂ 'ಮಾಡಿದ್ದೇವೆ' ಎಂದು ರೆಕಾರ್ಡಿನಲ್ಲಿ ಬರೆದಿರುವ ಪ್ರಯೋಗ.)

ನಾನು ದೇವನಹಳ್ಳಿ ಕಡೆಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಡಂ ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತು. ಗೊತ್ತಿಲ್ಲದ ಸಂಗತಿಯೆಂದರೆ, ನಮ್ಮಲ್ಲಿ ಇಷ್ಟು ದಿನ ಲ್ಯಾಬ್ ಅಂದರೆ ಒಂದು ಬೀರು. ಅದರೊಳಗೆ ಮೂತಿ ಮುರಿದ ಬ್ಯುರೆಟ್ಟು, ಲೇಬಲ್ ಉದುರಿದ ಬಾಟಲಿಗಳು, ಮತ್ತು ಸ್ಪೋರ್ಟ್ಸ್ ಡೇ ಬಾವುಟಗಳು. ಹಾಗಾಗಿ ಟೈಟ್ರೇಶನ್ ನಡೆಯುತ್ತಿದ್ದದ್ದು ಬೋರ್ಡಿನ ಮೇಲೆ. ನಾನು ಸೀಮೆಸುಣ್ಣದಲ್ಲಿ ಬ್ಯುರೆಟ್ ಬರೆಯುವುದು, ತುದಿಯಲ್ಲೊಂದು ಹನಿ ಬರೆಯುವುದು, "ಈಗ ಪಿಂಕ್ ಬಂತು" ಎಂದು ಘೋಷಿಸುವುದು. ಮಕ್ಕಳೆಲ್ಲ ಒಂದೇ ರೀಡಿಂಗ್ ಬರೆದುಕೊಳ್ಳುವುದು. ಇಡೀ ಕ್ಲಾಸಿಗೆ ಒಂದೇ ಉತ್ತರ, ಅರ್ಧ ಹನಿಯೂ ಆಚೀಚೆ ಇಲ್ಲ! ಇಷ್ಟು ನಿಖರವಾದ ಫಲಿತಾಂಶ ಯಾವ ದೊಡ್ಡ ಸಂಶೋಧನಾಲಯದಲ್ಲಿ ಸಿಗುತ್ತದೆ ಹೇಳಿ?

ಹೀಗಿರುವಾಗ ಏರ್‌ಪೋರ್ಟ್ ರಸ್ತೆಯ ಕಂಪನಿಯೊಂದಕ್ಕೆ ನಮ್ಮ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. (ವರ್ಷದಲ್ಲಿ ಒಂದು ಸಲ ಕಂಪನಿಗಳಿಗೆ ಹೀಗೆ ಉಕ್ಕುತ್ತದೆ. ಉಕ್ಕಲೇಬೇಕೆಂದು ಕಾನೂನೇ ಇದೆಯಂತೆ.) ಹಿಂದಿನ ಗೋಡೌನು ಲ್ಯಾಬ್ ಆಯಿತು. ಗ್ರಾನೈಟ್ ಕಟ್ಟೆ, ಸ್ಟೀಲ್ ಸಿಂಕು, ಸೊಂಡಿಲೆತ್ತಿದ ನಲ್ಲಿಗಳು, ಸಾಲಾಗಿ ಹೊಸ ಬ್ಯುರೆಟ್ಟುಗಳು. ಮೊದಲ ದಿನ ಒಳಗೆ ಕಾಲಿಟ್ಟಾಗ ನನಗೆ ನಿಜವಾಗಲೂ ಖುಷಿಯಾಯಿತು. ಒಂದು ಬ್ಯುರೆಟ್ ಕೈಗೆತ್ತಿಕೊಂಡು ಸುಮ್ಮನೆ ಬೆಳಕಿಗೆ ಹಿಡಿದು ನೋಡಿದೆ.

ಲ್ಯಾಬ್ ಬಂದರೆ ಸಾಕೇ? ಉದ್ಘಾಟನೆ ಆಗಬೇಡವೇ? ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ರಿಬ್ಬನ್ ಕಟ್ ಮಾಡೋದು ಹಳೇದಾಯ್ತು ಮೇಡಂ. ಏನಾದ್ರೂ ಸೈಂಟಿಫಿಕ್ಕಾಗಿ ಇರ್ಲಿ. ಚೀಫ್ ಗೆಸ್ಟು ನಲ್ಲಿ ತಿರುಗಿಸ್ಬೇಕು, ಬಣ್ಣ ಬರ್ಬೇಕು, ಜನ ಚಪ್ಪಾಳೆ ಹೊಡೀಬೇಕು."

"ಟೈಟ್ರೇಶನ್ ಮಾಡಿಸ್ಬೋದು ಸಾರ್. ಪಿಂಕ್ ಬರುತ್ತೆ."

ಅವರು ಸ್ವಲ್ಪ ಯೋಚಿಸಿದರು. "ಪಿಂಕು ನಮ್ ಕಡೆ ಯಾವ ಪಾರ್ಟಿ ಬಣ್ಣಾನೂ ಅಲ್ಲ ಅಲ್ವಾ?"

"ಅಲ್ಲ ಸಾರ್."

"ಹಾಗಾದ್ರೆ ಓಕೆ. ಎಷ್ಟ್ ಹೊತ್ತಾಗುತ್ತೆ?"

"ಹನಿ ಹನಿ ಬಿಟ್ರೆ ಐದಾರು ನಿಮಿಷ."

"ಐದಾರು ನಿಮಿಷಾನಾ? ಸಾಹೇಬ್ರಿಗೆ ಅದಾದ್ಮೇಲೆ ಒಂದು ಗೃಹಪ್ರವೇಶ, ಒಂದು ನಾಮಕರಣ ಇದೆ ಮೇಡಂ! ಒಂದೇ ಹನಿಗೆ ಬರೋ ಹಾಗೆ ಮಾಡಿ."

ಅಂದರೆ ಏನರ್ಥ? ಆಮ್ಲಕ್ಕೆ ಹಾಕಬೇಕಾದ ಪ್ರತ್ಯಾಮ್ಲವನ್ನೆಲ್ಲ ನಾವೇ ಮೊದಲು ಹಾಕಿ, ಇನ್ನೊಂದು ಹನಿ ಬಿದ್ದರೆ ಬಣ್ಣ ಬರುತ್ತದೆ ಅನ್ನುವ ಅಂಚಿಗೆ ತಂದು ನಿಲ್ಲಿಸಬೇಕು. ಆ ಕೊನೆಯ ಹನಿ ಅತಿಥಿಗಳದು. ಜೆಸಿಬಿ ಗುಂಡಿ ತೋಡಿದ ಮೇಲೆ ಗಣ್ಯರು ಬಂದು ಬೆಳ್ಳಿ ಗುದ್ದಲಿ ಮುಟ್ಟಿಸುತ್ತಾರಲ್ಲ, ಆ ಥರ. ನಮ್ಮ ಕಡೆ ಇದೇನೂ ಹೊಸದಲ್ಲ.

ಹೊಸದಾಗಿದ್ದದ್ದು ಇನ್ನೊಂದು ತಕರಾರು. ಟೈಟ್ರೇಶನ್ ಮಾಡುವ ಕ್ರಮ ಏನೆಂದರೆ, ಎಡಗೈಯಲ್ಲಿ ನಲ್ಲಿ ತಿರುಗಿಸುತ್ತ ಬಲಗೈಯಲ್ಲಿ ಫ್ಲಾಸ್ಕನ್ನು ಮೆಲ್ಲಗೆ ಗಿರಕಿ ಹೊಡೆಸಬೇಕು. ಇದನ್ನು ಹೇಳಿದ್ದೇ ತಡ, ಪ್ರಿನ್ಸಿಪಾಲರು ಕುರ್ಚಿಯಿಂದ ಅರ್ಧ ಎದ್ದರು.

"ಎಡಗೈಯಲ್ಲಿ ಉದ್ಘಾಟನೆನಾ? ಫೋಟೋ ಬರುತ್ತೆ ಮೇಡಂ!"

ಕೊನೆಗೆ ರಾಜಿಯಾಯಿತು. ಅತಿಥಿಗಳು ಬಲಗೈಯಲ್ಲಿ ನಲ್ಲಿ ತಿರುಗಿಸುವುದು. ಫ್ಲಾಸ್ಕ್ ಅಲ್ಲಾಡಿಸಲು ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿನಿ. ಎಡಗೈ ಕ್ಯಾಮೆರಾದವರಿಗೆ ಬೀಸಲು ಖಾಲಿ ಇರಲಿ.

ಆ ವಿದ್ಯಾರ್ಥಿನಿ ಕುಸುಮಾ. ಆವತಿ ಹತ್ತಿರದ ಹಳ್ಳಿಯ ಹುಡುಗಿ, ಈ ವರ್ಷ ಫಸ್ಟ್ ಪಿಯುಸಿ ಸೈನ್ಸಿಗೆ ಸೇರಿದವಳು. ಹೊಸ ಲ್ಯಾಬಿನಲ್ಲಿ ಪೆಟ್ಟಿಗೆಗಳನ್ನು ಬಿಚ್ಚುವಾಗ ತಾನಾಗಿ ಬಂದು ನಿಂತಳು. ಎಲ್ಲರೂ ಸೆಲ್ಫಿ ತೆಗೆದುಕೊಂಡು ಹೋದರು. ಇವಳು ಮಾತ್ರ ಒಂದು ಹನಿಯನ್ನು ಅರ್ಧ ಹನಿ ಮಾಡಿ ಬಿಡುವುದು ಹೇಗೆ ಅಂತ ಕೇಳಿದಳು. ಇಂಥ ಪ್ರಶ್ನೆ ಕೇಳುವ ಮಗು ಸಿಕ್ಕರೆ ಮೇಷ್ಟರ ಕೆಲಸ ಮಾಡುವವರಿಗೆ ಹೊಟ್ಟೆ ತುಂಬುತ್ತದೆ.

ಆದರೆ ಅವಳ ಅಪ್ಪ ಮುನಿರಾಜಪ್ಪನವರಿಗೆ ಹೊಟ್ಟೆಯಲ್ಲಿ ಬೆಂಕಿ. ಉದ್ಘಾಟನೆಗೆ ವಾರ ಇರುವಾಗ ಕಾಲೇಜಿಗೇ ಬಂದರು.

"ಇವಳನ್ನ ಕಾಮರ್ಸಿಗೆ ಹಾಕ್ಬಿಡಿ ಮೇಡಂ. ಆಸಿಡ್ ಮುಟ್ಟೋ ಕೆಲ್ಸ ಹೆಣ್ಣುಡ್ಗಿಗೆ ಯಾಕೆ? ಮುಖಕ್ಕೆ ಬಿದ್ರೆ ನಾಳೆ ಯಾರ್ ಜವಾಬ್ದಾರಿ?"

ಕಾಂಬಿನೇಷನ್ ಬದಲಾಯಿಸಿಕೊಳ್ಳಲು ತಿಂಗಳ ಕೊನೆಯವರೆಗೆ ಅವಕಾಶವಿತ್ತು. ಅಪ್ಪ ಒಂದು ಮಾತು ಹೇಳಿದ್ದರೆ ಸಾಕು, ಕುಸುಮಾ ಸೋಮವಾರದಿಂದ ಡೆಬಿಟ್ಟು ಕ್ರೆಡಿಟ್ಟು ಬರೆಯುತ್ತ ಕೂರುತ್ತಿದ್ದಳು. ಅವಳು ಬಾಗಿಲ ಬಳಿ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಮುನಿರಾಜಪ್ಪನವರದು ದ್ರಾಕ್ಷಿ ತೋಟ. ಔಷಧಿ ಹೊಡೆಯುವ ದಿನ ಅವರ ರಕ್ಷಣಾ ಕವಚ ಏನು ಗೊತ್ತೇ? ಮೂಗಿಗೆ ಸುತ್ತಿದ ಒಂದು ಟವೆಲ್. ಔಷಧಿಯನ್ನು ಡ್ರಮ್ಮಿನಲ್ಲಿ ಕಲಸಲು ಒಂದು ಕೋಲು, ಕೋಲು ಸಿಗದಿದ್ದರೆ ಕೈ. (ಇದು ಕುಸುಮಾಳೇ ಹೇಳಿದ್ದು.) ಅಂಥವರಿಗೆ ನಮ್ಮ ಲ್ಯಾಬಿನ ನೀರುನೀರಾದ ಆಮ್ಲ ಕಂಡರೆ ಭಯ! ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ಆಸಿಡ್ ಎರಚಿದ ಸುದ್ದಿಗಳನ್ನು ಟೀವಿಯಲ್ಲಿ ನೋಡಿದ ಅಪ್ಪನ ಭಯವನ್ನು ಗೇಲಿ ಮಾಡುವುದು ಹೇಗೆ?

"ಒಂದ್ ಸಲ ಬಂದು ಕಣ್ಣಾರೆ ನೋಡಿ ಮುನಿರಾಜಪ್ಪನೋರೆ. ಗುರುವಾರ ಫಂಕ್ಷನ್ ಇದೆ. ನಿಮ್ ಮಗಳೇ ಗೆಸ್ಟ್ ಪಕ್ಕ ನಿಂತ್ಕೋತಾಳೆ. ನೋಡಿದ್ಮೇಲೂ ಬೇಡ ಅನ್ಸಿದ್ರೆ ನಾನೇ ಕಾಮರ್ಸಿಗೆ ಹಾಕಿಸ್ತೀನಿ."

"ಆಯ್ತು. ನೋಡ್ತೀನಿ, ಆಮೇಲ್ ಹೇಳ್ತೀನಿ" ಅಂದು ಹೋದರು.

ಹಾಗಾಗಿ ಗುರುವಾರದ ಟೈಟ್ರೇಶನ್ ಮೇಲೆ ಇಬ್ಬರ ಭವಿಷ್ಯ ನಿಂತಿತ್ತು. ಪ್ರಿನ್ಸಿಪಾಲರ ಪಾಲಿಗೆ ಅದು ಫೋಟೋ. ಕುಸುಮಾಳ ಪಾಲಿಗೆ ಮುಂದಿನ ಓದು.

ನಾವಿಬ್ಬರೂ ಕೂತು ತಯಾರಿ ನಡೆಸಿದೆವು. ನಮ್ಮ ಕಾಲೇಜಿನ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಪೊರೆ ಹಿಡಿಸುವಂಥದ್ದು. ಅದರಲ್ಲಿ ಆಕ್ಸಾಲಿಕ್ ಆಮ್ಲ ಕರಗಿಸಲು ಹೋದರೆ ಅಕ್ಕಿ ತೊಳೆದ ನೀರಾಗುತ್ತದೆ. ಹಾಗಾಗಿ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತರಿಸಿದೆ. ಕುಸುಮಾ ಬ್ಯುರೆಟ್ಟನ್ನು ಮೊದಲು ನೀರಿನಲ್ಲಿ, ಆಮೇಲೆ ತುಂಬಬೇಕಾದ ಕಾಸ್ಟಿಕ್ ಸೋಡ ದ್ರಾವಣದಲ್ಲೇ ತೊಳೆದಳು. ಮೂತಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಹೊರಹಾಕಿದಳು. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ಸ್ ಇಟ್ಟಳು. ಬಣ್ಣ ತೋರಿಸುವ ಇಂಡಿಕೇಟರನ್ನು ಎರಡೇ ಹನಿ ಹಾಕಿದಳು. ಮೊದಲೆರಡು ಸಲ ನಲ್ಲಿ ಜಾಸ್ತಿ ತಿರುಗಿ ಎಲ್ಲ ಗಾಢ ಗುಲಾಬಿಯಾಯಿತು. ಆಮೇಲೆ ಕೈ ಹದಕ್ಕೆ ಬಂತು.

ಗುರುವಾರ ಬೆಳಿಗ್ಗೆ ಬೇಗ ಬಂದು ಅವಳೇ ಒಂದು ಫ್ಲಾಸ್ಕನ್ನು ಅಂಚಿಗೆ ತಂದು ನಿಲ್ಲಿಸಿದಳು. ನೀರಿನ ಹಾಗೆ ತಿಳಿಯಾದ ದ್ರಾವಣ. ಇನ್ನೊಂದು ಹನಿ ಬಿದ್ದರೆ ತೆಳು ಗುಲಾಬಿ. ಇದು ಸುಲಭದ ಕೆಲಸವಲ್ಲ. ಬೆನ್ನು ತಟ್ಟಿದೆ.

ಅಷ್ಟರಲ್ಲಿ ಕರೆ ಬಂತು. ನನ್ನನ್ನು ಗೇಟಿಗೆ ಕಳಿಸಿದರು, ಆರತಿ ತಟ್ಟೆ ಹಿಡಿಯಲು. ಕೆಮಿಸ್ಟ್ರಿ ಗೊತ್ತೆಂಬ ಕಾರಣಕ್ಕಲ್ಲ, ರೇಷ್ಮೆ ಸೀರೆ ಉಟ್ಟಿದ್ದೇನೆಂಬ ಕಾರಣಕ್ಕೆ. ಕುಸುಮಾಳನ್ನು ಪ್ರಾರ್ಥನೆ ಹಾಡುವ ಸಾಲಿಗೆ ಎಳೆದೊಯ್ದರು, ಅಲ್ಲಿ ಒಬ್ಬಳು ಕಮ್ಮಿ ಬಿದ್ದಿದ್ದಳಂತೆ. ಲ್ಯಾಬಿನಲ್ಲಿ ಉಳಿದವರು ಪ್ರಿನ್ಸಿಪಾಲರು ಮತ್ತು ಪೂಜೆಯ ಸಾಮಾನು.

ಪೂಜೆಗೆ ನನ್ನ ತಕರಾರಿಲ್ಲ. ಆಯುಧಪೂಜೆಯ ದಿನ ಮಿಕ್ಸಿಗೂ ಗ್ರೈಂಡರಿಗೂ ಹೂವು ಮುಡಿಸುವವಳು ನಾನು. ಆದರೆ ಮಿಕ್ಸಿಯ ಒಳಗೆ ಏನಿದೆ ಅಂತ ನೋಡಿ ಮುಡಿಸುತ್ತೇನೆ.

ಅತಿಥಿಗಳು ಬಂದರು. ನಮ್ಮ ಕಡೆಯ ದೊಡ್ಡ ಮುಖಂಡರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಿಂದೆ ಮೂವತ್ತು ನಲವತ್ತು ಜನ. ಆರತಿ ಎತ್ತಿದೆ. ತಟ್ಟೆ ಹಿಡಿದುಕೊಂಡೇ ಗುಂಪಿನ ಜೊತೆ ಲ್ಯಾಬಿನೊಳಗೆ ಬಂದೆ. ನೋಡುತ್ತೇನೆ, ಬ್ಯುರೆಟ್ಟಿಗೆ ವಿಭೂತಿ. ಸ್ಟ್ಯಾಂಡಿನ ಕಾಲಿನ ಹತ್ತಿರ ಊದುಬತ್ತಿ. ನಮ್ಮ ಫ್ಲಾಸ್ಕಿನ ಬಾಯಿಗೆ ಸುತ್ತ ವೀಳ್ಯದೆಲೆ, ಮೇಲೊಂದು ನಿಂಬೆಹಣ್ಣು. ಪ್ರಿನ್ಸಿಪಾಲರು ಅದನ್ನು ಕಲಶ ಮಾಡಿಬಿಟ್ಟಿದ್ದರು! ತೆಂಗಿನಕಾಯಿ ಕೂರಲಿಲ್ಲವಂತೆ. ಅದಕ್ಕೆ ನಿಂಬೆಹಣ್ಣು.

ಅಷ್ಟಾದರೂ ಪರವಾಗಿರಲಿಲ್ಲ. ಒಳಗಿನ ದ್ರಾವಣ ಹಳದಿ.

"ಸಾರ್, ಫ್ಲಾಸ್ಕ್ ಯಾಕೆ ಹಳದಿ ಆಗಿದೆ?" ಅಂತ ಕಿವಿಯಲ್ಲಿ ಕೇಳಿದೆ.

"ಅರಿಶಿನ ಮೇಡಂ, ಒಂದ್ ಚಿಟಿಕೆ. ಬರೀ ನೀರಿಟ್ಟು ಕಲಶ ಅನ್ನಕ್ಕಾಗುತ್ತಾ?"

ಬರೀ ನೀರು! ಅರಿಶಿನಕ್ಕೆ ಪ್ರತ್ಯಾಮ್ಲ ಬಿದ್ದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು. ನಿಮಗೂ ಗೊತ್ತು. ಅದಕ್ಕೆ ಕೆಮಿಸ್ಟ್ರಿ ಓದಬೇಕಿಲ್ಲ. ಆದರೆ ಹೇಳುವಷ್ಟರಲ್ಲಿ ಮೈಕು ಅನೌನ್ಸ್ ಮಾಡಿತ್ತು, ಕ್ಯಾಮೆರಾ ಎದ್ದಿತ್ತು. ಕುಸುಮಾ ಎಲೆ, ನಿಂಬೆಹಣ್ಣು ತೆಗೆದು ಪಕ್ಕಕ್ಕಿಟ್ಟು ಫ್ಲಾಸ್ಕ್ ಹಿಡಿದಳು. ಹಳದಿ ನೋಡಿ ನನ್ನ ಕಡೆ ತಿರುಗಿದಳು. ನಾನು ತಟ್ಟೆ ಹಿಡಿದು ಬೆಪ್ಪಾಗಿ ನಿಂತಿದ್ದೆ. ಮೂರನೇ ಸಾಲಿನಲ್ಲಿ ಮುನಿರಾಜಪ್ಪನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಒಂದೇ ಹನಿ ಸಾರ್, ಮೆಲ್ಲಗೆ" ಅಂದಳು ಕುಸುಮಾ.

ಮೆಲ್ಲಗೆ ಅನ್ನುವ ಪದ ಮುಖಂಡರಿಗೆ ಅಭ್ಯಾಸವಿಲ್ಲ. ಬೋರ್‌ವೆಲ್ ವಾಲ್ವ್ ತಿರುಗಿಸುವ ಹಾಗೆ ಪೂರ್ತಿ ತಿರುಗಿಸಿದರು. ಸರ್ರನೆ ಸುರಿಯಿತು. ತೆಳು ಗುಲಾಬಿ ಬರಬೇಕಾದ ಫ್ಲಾಸ್ಕಿನಲ್ಲಿ ಕಡು ಕೆಂಪು, ರಕ್ತದ ಕೆಂಪು. ಅವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಆ ರಭಸಕ್ಕೆ ಕೈ ಫ್ಲಾಸ್ಕಿಗೆ ತಾಗಿ, ಬಿಳಿ ಅಂಗಿಯ ತೋಳಿನ ಮೇಲೆ ಕೆಂಪು ಚಿಮ್ಮಿತು.

"ಏಯ್, ಏನ್ರೀ ಇದು!"

ಆಗ ಪ್ರಿನ್ಸಿಪಾಲರು ತಮ್ಮ ಸಮಯಪ್ರಜ್ಞೆ ಮೆರೆದರು. ಮೈಕಿನಲ್ಲೇ ಕೂಗಿದರು. "ಆಸಿಡ್! ಆಸಿಡ್! ಯಾರೂ ಹತ್ರ ಬರ್ಬೇಡಿ!"

ಹೊರಗೆ ಧ್ವನಿವರ್ಧಕ ಕಟ್ಟಿತ್ತು. ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಹಿಂದಿದ್ದ ಮೂವತ್ತು ನಲವತ್ತು ಜನ, ಸಾಹೇಬರಿಗಾಗಿ ಪ್ರಾಣ ಕೊಡುವೆವೆಂದು ಫ್ಲೆಕ್ಸ್ ಹಾಕಿಸುವವರು, ಬಾಗಿಲಿನಿಂದಾಚೆ ಹಾರಿದರು. ಎಲ್ಲರೂ ಹಿಂದಕ್ಕೆ ಹೋಗುವಾಗ ಮುಂದಕ್ಕೆ ಬಂದವರು ಒಬ್ಬರೇ. ಮುನಿರಾಜಪ್ಪ. ನೇರವಾಗಿ ಬಂದು ಮಗಳ ರಟ್ಟೆ ಹಿಡಿದರು.

"ನಡಿ ಮನೆಗೆ! ನಾನ್ ಬಡ್ಕೊಂಡೆ, ಬೇಡ ಬೇಡ ಅಂತ!"

ಮುಗಿಯಿತು, ಹುಡುಗಿಯನ್ನು ಕಳೆದುಕೊಂಡೆವು ಅಂದುಕೊಂಡೆ.

"ಅಪ್ಪಾ, ಕೈ ಬಿಡು" ಅಂದಳು ಕುಸುಮಾ. "ಸಾರ್ ಕೈ ತೊಳೀಬೇಕು ಮೊದ್ಲು."

ಬಿಡಿಸಿಕೊಂಡು ಮುಖಂಡರನ್ನು ಸಿಂಕಿನ ಹತ್ತಿರ ಕರೆದಳು. ನಲ್ಲಿ ತಿರುಗಿಸಿದಳು. ಕೊರ್ ಅಂತ ಸದ್ದು ಬಂತು, ನೀರು ಬರಲಿಲ್ಲ. (ಸೊಂಡಿಲೆತ್ತಿದ ಆ ಚಂದದ ನಲ್ಲಿಗಳಿಗೆ ಪೈಪಿನ ಕನೆಕ್ಷನ್ನೇ ಕೊಟ್ಟಿರಲಿಲ್ಲ. ಫೋಟೋದಲ್ಲಿ ಪೈಪು ಕಾಣುವುದಿಲ್ಲವಲ್ಲ.) ಅವಳು ತಡಮಾಡದೆ ಬ್ಯಾಟರಿ ನೀರಿನ ಕ್ಯಾನ್ ಎತ್ತಿ ಅವರ ಕೈ ಮೇಲೆ ಸುರಿದಳು.

"ಉರೀತಿದ್ಯಾ ಸಾರ್?"

"ಇಲ್ಲ ಕಣಮ್ಮ... ಏನೂ ಆಗ್ತಿಲ್ಲ."

"ಆಗಲ್ಲ ಸಾರ್, ತುಂಬಾ ತೆಳು ಮಾಡಿರೋದು. ಇದು ಆರತಿ ನೀರು." ಆಮೇಲೆ ಅಪ್ಪನ ಕಡೆ ತಿರುಗಿದಳು. "ಅಮ್ಮ ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿ ಮಾಡಲ್ವಾ ಅಪ್ಪಾ? ಇಲ್ಲಿ ಸುಣ್ಣದ ಬದ್ಲು ಇನ್ನೊಂದು ಅದೇ ಜಾತೀದು. ಅಷ್ಟೇ. ಮಿಸ್ ಕೈಲಿರೋ ತಟ್ಟೆ ನೋಡು."

ಮುನಿರಾಜಪ್ಪ ನನ್ನ ತಟ್ಟೆ ನೋಡಿದರು. ಫ್ಲಾಸ್ಕ್ ನೋಡಿದರು. ಎರಡರಲ್ಲೂ ಒಂದೇ ಕೆಂಪು.

ಕುಸುಮಾ ಅಷ್ಟಕ್ಕೆ ಬಿಡಲಿಲ್ಲ. ಕಲಶದ ಮೇಲಿದ್ದ ನಿಂಬೆಹಣ್ಣನ್ನು ಬಾಳೆಹಣ್ಣಿನ ತಟ್ಟೆಯಲ್ಲಿದ್ದ ಚಾಕುವಿನಿಂದ ಕೊಯ್ದಳು. ಮುಖಂಡರ ತೋಳಿನ ಕಲೆಯ ಮೇಲೆ ಹಿಂಡಿದಳು. ಕೆಂಪು ನೋಡನೋಡುತ್ತ ಹಳದಿಯಾಯಿತು.

"ಇದೂ ಆಸಿಡ್ಡೇ ಅಪ್ಪಾ. ದಿನಾ ಚಿತ್ರಾನ್ನಕ್ಕೆ ಹಾಕ್ಕೊಂಡು ತಿಂತೀಯ. ನಿನ್ ದ್ರಾಕ್ಷಿ ಔಷಧಿಗಿಂತ ವಾಸಿ."

ಮುಖಂಡರು ತಮ್ಮ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅರೆ, ಅರಿಶಿನ!" ಅಂದು ಜೋರಾಗಿ ನಕ್ಕರು. ಅವರು ನಕ್ಕದ್ದು ಕೇಳಿ ಬಾಗಿಲಾಚೆ ಹಾರಿದ್ದ ಸಕಲರೂ ವಾಪಸ್ಸು ಹಾರಿ ಬಂದು ನಕ್ಕರು. ಚಪ್ಪಾಳೆ ಬಿತ್ತು. ಪ್ರಿನ್ಸಿಪಾಲರು ಮೈಕು ಸರಿಮಾಡಿಕೊಂಡು, "ಇದನ್ನ ಸರ್‌ಪ್ರೈಸ್ ಐಟಂ ಅಂತ ಇಟ್ಟಿದ್ವಿ ಸಾರ್" ಅಂದರು. ನಾನು ಕೆಮಿಸ್ಟ್ರಿಯಲ್ಲಿ ಎಷ್ಟೋ ಬಣ್ಣ ಬದಲಾವಣೆ ನೋಡಿದ್ದೇನೆ. ಇಷ್ಟು ಬೇಗ ಆದದ್ದನ್ನು ನೋಡಿರಲಿಲ್ಲ.

ಆಮೇಲೆ ಭಾಷಣ. ನಮ್ಮ ಹಿರಿಯರು ಆರತಿ ತಟ್ಟೆಯಲ್ಲೇ ವಿಜ್ಞಾನ ಇಟ್ಟಿದ್ದರು, ಹೊರದೇಶದವರು ಅದನ್ನು ಗಾಜಿನ ಕೊಳವೆಗೆ ತುಂಬಿಕೊಂಡು ಹೋದರು ಅಂತ ಮುಖಂಡರು ಅಪ್ಪಣೆ ಕೊಡಿಸಿದರು. ತಟ್ಟೆಯಲ್ಲೇ ಇತ್ತು ಅನ್ನುವುದಾದರೆ ಐದು ನಿಮಿಷ ಮೊದಲು ಬೆಚ್ಚಿದ್ದು ಯಾಕೆ ಸಾರ್? ಕೇಳಲಿಲ್ಲ. ನಾಮಕರಣಕ್ಕೆ ಹೊತ್ತಾಗಿತ್ತು.

ಉಪ್ಪಿಟ್ಟು, ಕೇಸರಿಬಾತ್ ತಟ್ಟೆ ಹಿಡಿದು ಮುನಿರಾಜಪ್ಪನವರು ನನ್ನ ಹತ್ತಿರ ಬಂದರು. ಏನು ಹೇಳುತ್ತಾರೋ ಅಂತ ನಾನು ಚಮಚ ಹಿಡಿದೇ ಅವರ ಮುಖ ನೋಡಿದೆ.

"ಅಷ್ಟ್ ದೊಡ್ ಮನುಷ್ಯ ಹೆದ್ರಿ ಹಿಂದಕ್ ಹೋದ. ನಿಮ್ ಪ್ರಿನ್ಸಿಪಾಲ್ರೂ ಹೋದ್ರು. ನಮ್ ಹುಡ್ಗಿ ಹೋಗ್ಲಿಲ್ಲ, ನೋಡಿದ್ರಾ?"

"ನೋಡ್ದೆ."

"ನಾನೇ ಎಳೆದ್ರೂ ಬರ್ಲಿಲ್ಲ." ಒಂದು ತುತ್ತು ತಿಂದರು. "ಸೈನ್ಸೇ ಓದ್ಲಿ ಬಿಡಿ ಮೇಡಂ. ಆದ್ರೆ ಒಂದ್ ಮಾತು. ಸರಿಯಾಗ್ ಕಲಿಸ್ಬೇಕು. ಬರೀ ಬುಕ್ಕಲ್ಲಿ ಓದ್ಸಿದ್ರೆ ಆಗಲ್ಲ. ಕೈಯಾರೆ ಮಾಡಿಸ್ಬೇಕು."

"ಖಂಡಿತ ಮಾಡಿಸ್ತೀನಿ" ಅಂದೆ. ಕಣ್ಣು ತುಂಬಿಬಂತು. ಆಚೆ ಕುಸುಮಾ ಗೆಳತಿಯರ ಕೈಗೆ ಅರಿಶಿನ, ಸೋಪು ಹಚ್ಚಿ ಕೆಂಪು ಮಾಡಿ ತೋರಿಸುತ್ತಿದ್ದಳು. ಆವತ್ತು ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ನನಗೆ ಕಾಲು ನೋಯಲಿಲ್ಲ.

ಸೋಮವಾರ ಮಕ್ಕಳನ್ನೆಲ್ಲ ಸಾಲು ಮಾಡಿಕೊಂಡು ಲ್ಯಾಬಿಗೆ ಹೋದೆ. ಬಾಗಿಲಿಗೆ ಬೀಗ. ಬೀಗಕ್ಕೂ ಕುಂಕುಮ ಇಟ್ಟಿದ್ದರು. ಬೀಗದ ಕೈ ಪ್ರಿನ್ಸಿಪಾಲರ ಟೇಬಲ್ ಡ್ರಾಯರಿನಲ್ಲಿ.

"ಸಾರ್, ಪ್ರಾಕ್ಟಿಕಲ್ ಕ್ಲಾಸ್ ಇದೆ."

"ಈಗ್ಲೇ ಬೇಡ ಮೇಡಂ. ಕಂಪನಿಯವರು ಫೋಟೋಗೆ ಇನ್ನೊಂದ್ಸಲ ಬರ್ತಾರಂತೆ. ಆಮೇಲೆ ಇನ್‌ಸ್ಪೆಕ್ಷನ್ ಬೇರೆ ಇದೆ. ಅಷ್ಟರೊಳಗೆ ಒಂದು ಬ್ಯುರೆಟ್ ಒಡೆದ್ರೂ ನಾನು ಯಾರಿಗೆ ಉತ್ತರ ಕೊಡ್ಲಿ? ಗಾಜು ಮೇಡಂ, ಮಕ್ಕಳ ಕೈಗೆ ಕೊಡೋ ವಸ್ತುನಾ ಅದು?"

"ಮಕ್ಕಳಿಗೇ ಅಲ್ವಾ ಸಾರ್ ಕೊಟ್ಟಿರೋದು?"

"ಹೌದು ಹೌದು. ಅವ್ರಿಗೋಸ್ಕರಾನೇ ಜೋಪಾನ ಮಾಡ್ತಿರೋದು."

ಸಾಲು ಕ್ಲಾಸ್‌ರೂಮಿಗೆ ವಾಪಸ್ಸಾಯಿತು. ನಾನು ಸೀಮೆಸುಣ್ಣ ತೆಗೆದುಕೊಂಡೆ. ಬೋರ್ಡಿನ ಮೇಲೆ ಬ್ಯುರೆಟ್ ಬರೆದೆ, ನಲ್ಲಿ ಬರೆದೆ, ತುದಿಯಲ್ಲೊಂದು ಹನಿ ಬರೆದೆ. "ಈಗ ಪಿಂಕ್ ಬಂತು" ಅನ್ನಲು ಬಾಯಿ ತೆರೆದೆ. ಮುಂದಿನ ಬೆಂಚಿನಲ್ಲಿ ಕುಸುಮಾ ಪೆನ್ನು ಹಿಡಿಯದೆ, ಎರಡೂ ಕೈಯನ್ನು ಡೆಸ್ಕಿನ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಸೀಮೆಸುಣ್ಣ ಕೆಳಗಿಟ್ಟೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮಗಳು ಆಸಿಡ್ ಮುಟ್ಟಿದರೆ ಏನೂ ಆಗುವುದಿಲ್ಲ ಅಂತ ದ್ರಾಕ್ಷಿ ತೋಟದ ಅಪ್ಪ ಒಂದೇ ಬೆಳಿಗ್ಗೆಯಲ್ಲಿ ಒಪ್ಪಿದರು. ಮಗಳು ಗಾಜು ಮುಟ್ಟಿದರೆ ಏನೂ ಆಗುವುದಿಲ್ಲ ಅಂತ ಅವಳ ಕಾಲೇಜು ಒಪ್ಪುವುದು ಯಾವಾಗ?